ಬಟ್ಟಲಿನ ಕೆಳಗೆ ಉದುರಿದ ಪುಡಿ

ನನ್ನ ತಮ್ಮ ಬಡಗಿ. ಅವನ ಮನೆಯೆಂದರೆ ಮುಂದೆ ಕೆಲಸದ ಕೊಠಡಿ, ಹಿಂದೆ ಅಡುಗೆಮನೆ ಮತ್ತು ಒಂದು ಕೋಣೆ. ನಡುವಿನ ಬಾಗಿಲನ್ನು ಎಷ್ಟು ಮುಚ್ಚಿದರೂ ಮರದ ಹೊಟ್ಟು ಒಳಗೆ ಬಂದೇ ಬರುತ್ತದೆ. ಊಟಕ್ಕೆ ಕುಳಿತರೆ ಅವನು ತಟ್ಟೆಯನ್ನು ಊದುತ್ತಾನೆ, ಮಲಗುವ ಮುಂಚೆ ದಿಂಬನ್ನು ಊದುತ್ತಾನೆ. ಮದುವೆಯಾದ ಹೊಸದರಲ್ಲಿ ಹೆಂಡತಿಯ ಮುಖವನ್ನೂ ಊದಿದ್ದನಂತೆ. ಅವಳೇ ಅದನ್ನು ಹೇಳಿಕೊಂಡು ನಗುತ್ತಿದ್ದಳು.

ಆ ನಗು ಕೇಳಿ ಬಹಳ ದಿನವಾಗಿತ್ತು. ಜ್ವರ ಬಿಟ್ಟರೂ ಅವಳಿಗೆ ಊಟ ಸೇರುತ್ತಿರಲಿಲ್ಲ. ಏನು ಕೊಟ್ಟರೂ ಗೋಡೆ ಕಡೆ ತಿರುಗುವಳು. ಹೀಗೇ ಆದರೆ ಕಷ್ಟ ಎಂದು ಡಾಕ್ಟರು ಹೇಳಿದ ಮೇಲೆ ನಾನು ಅವಳನ್ನು ನೋಡಿಕೊಳ್ಳಲು ಬಂದಿದ್ದೆ.

ಒಂದು ಬೆಳಿಗ್ಗೆ ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು. "ಅತ್ತಿಗೆ, ಕನಸಲ್ಲಿ ಅಣಬೆ ತಿಂದೆ. ಮರದ ದಿಮ್ಮಿ ಮೇಲೆ ಬಿಡೋದು. ನಮ್ಮಮ್ಮ ಬೆಣ್ಣೇಲಿ ಹುರೀತಿದ್ದಳಲ್ಲ, ಅದು. ಇನ್ನೂ ಬಾಯಲ್ಲಿ ರುಚಿ ಇದೆ."

ತಮ್ಮ ಬಾಗಿಲಲ್ಲೇ ನಿಂತಿದ್ದ. ಹಿತ್ತಲಿಗೆ ಓಡಿ, ಪಾಚಿ ಕಟ್ಟಿದ ಹಳೆಯ ದಿಮ್ಮಿಯಿಂದ ಒಂದು ಬುಟ್ಟಿ ಅಣಬೆ ಕಿತ್ತು ತಂದ. ಜೇನಿನ ಬಣ್ಣದ ಪುಟ್ಟ ಕೊಡೆಗಳು, ದಂಟಿಗೊಂದು ತೆಳ್ಳನೆಯ ಉಂಗುರ.

"ತಡಿಯೋ," ಎಂದೆ. "ಮರದ ಮೇಲೆ ಬಿಟ್ಟಿದ್ದೆಲ್ಲ ಇವಳಮ್ಮ ಹುರಿದದ್ದೇ ಆಗುತ್ತಾ?"

"ಅಮ್ಮ ದಂಟು ಕಿತ್ತು, ಕೊಡೇನ ಬಟ್ಟಲು ಮುಚ್ಚಿ ಇಡ್ತಿದ್ದಳು," ಎಂದಳು ಅವಳು. "ಬಿಳಿ ಪುಡಿ ಉದುರಿದರೆ ಮತ್ತೆ ಹತ್ತು ಸಲ ತಿರುಗಿಸಿ ನೋಡ್ತಿದ್ದಳು. ಕಂದು ಉದುರಿದರೆ ನೋಡೋದೇ ಇಲ್ಲ, ನೇರ ತಿಪ್ಪೆಗುಂಡಿಗೆ. ಅದು ತಿಂದೋರು ಉಳಿಯಲ್ವಂತೆ."

ತಮ್ಮ ತನ್ನ ಕೆಲಸದ ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಕೊಡೆಯಿಟ್ಟು, ಬಟ್ಟಲು ಮುಚ್ಚಿದ. ಮಧ್ಯಾಹ್ನ ಕಾಗದ ಹಿಡಿದು ಅಡುಗೆಮನೆಗೆ ಬಂದ. "ನೋಡಕ್ಕ, ಬೆಳ್ಳಗಿದೆ! ಬೆಣ್ಣೆ ಹಾಕು."

ಬಾಣಲೆಗೆ ಬೆಣ್ಣೆ ಹಾಕಿದೆ. ಅದು ಕರಗುವ ವಾಸನೆಗೆ ಒಳಗಿನಿಂದ ದನಿ ಬಂತು. "ಆಯ್ತಾ ಅತ್ತಿಗೆ?" ಹಸಿವಿನ ದನಿ. ನನ್ನ ಕಣ್ಣು ತುಂಬಿತು. ಅಣಬೆ ಹಾಕಬೇಕೆಂದು ಕೈ ಎತ್ತಿದವಳು ತಮ್ಮನ ಮೀಸೆ ನೋಡಿದೆ. ಮೀಸೆಯೆಲ್ಲ ಕಂದು ಪುಡಿ.

"ಕಾಗದ ಊದಿದೆಯಾ?"

"ಸ್ವಲ್ಪ ಹೊಟ್ಟು ಕೂತಿತ್ತು, ಊದಿ ಒರೆಸಿದೆ."

"ಮುಚ್ಚಿದ ಬಟ್ಟಲೊಳಗೆ ಹೊಟ್ಟು ಹೇಗೆ ಹೋಯ್ತೋ?"

"ಈ ಮನೇಲಿ ಹೊಟ್ಟು ಹೋಗದ ಜಾಗ ಯಾವುದಿದೆ ಹೇಳು," ಎಂದ. ಆದರೆ ಮಾತು ಮುಗಿಯುವಷ್ಟರಲ್ಲಿ ಅವನ ಮುಖ ಬಿಳಿಚಿತು. ನಾನು ಒಲೆ ಆರಿಸಿದೆ.

ಈ ಸಲ ಅವಳ ಮಂಚದ ಪಕ್ಕದಲ್ಲೇ, ತೊಳೆದು ಒರೆಸಿದ ಗಾಜಿನ ತುಂಡಿನ ಮೇಲೆ ಇನ್ನೊಂದು ಕೊಡೆಯಿಟ್ಟು ಮುಚ್ಚಿದೆ. ಗರಗಸ ನಿಲ್ಲಿಸಿ ತಮ್ಮನೂ ಬಂದು ಕುಳಿತಿದ್ದ. ಕಿಟಕಿಯ ಬಿಸಿಲು ನೆಲದ ಮೇಲೆ ತೆವಳುತ್ತಾ ಮಂಚದ ಕಾಲು ಹತ್ತಿತು. ಆ ಬಿಸಿಲಲ್ಲಿ ಧೂಳಿನ ಕಣಗಳು ಕೆಳಗೆ ಬೀಳುವುದನ್ನೇ ಮರೆತಂತೆ ತೇಲುತ್ತಿದ್ದವು. ಅವಳು ಬಟ್ಟಲನ್ನೇ ನೋಡುತ್ತಾ ಮಲಗಿದ್ದಳು. ನನಗೂ ಜೊಂಪು ಹತ್ತಿತು. ನಾವು ಮೂವರೂ ಬಟ್ಟಲಿನ ಕೆಳಗಿದ್ದೇವೆ, ಮೇಲಿನಿಂದ ಮೆತ್ತಗೆ ಏನೋ ಉದುರುತ್ತಿದೆ ಎನ್ನಿಸಿತು.

ಬಿಸಿಲು ಗೋಡೆಗೆ ಏರಿದಾಗ ಬಟ್ಟಲು ತೆಗೆದು, ಕೊಡೆ ಎತ್ತಿದೆ. ಗಾಜಿನ ಮೇಲೆ ತುಕ್ಕಿನ ಬಣ್ಣದ ಚಕ್ರವೊಂದು ಮೂಡಿತ್ತು. ನಡುವಿನಿಂದ ಅಂಚಿನವರೆಗೆ ಕೂದಲಿನಷ್ಟು ಸಣ್ಣ ಗೆರೆಗಳು, ಒಂದಕ್ಕೊಂದು ತಾಗದಂತೆ.

"ಹೊಟ್ಟು ಹೀಗೆ ಚಿತ್ರ ಬರೆಯುತ್ತೇನೋ?" ಎಂದೆ.

ತಮ್ಮ ನೋಡಲೆಂದು ಹತ್ತಿರ ಬಗ್ಗಿದ, ತನಗೇ ತಿಳಿಯದೆ ಕೆನ್ನೆ ಉಬ್ಬಿಸಿದ. ಅವಳು ಥಟ್ಟನೆ ಎದ್ದು ಕುಳಿತು ಅವನ ಬಾಯಿಗೆ ಅಂಗೈ ಒತ್ತಿದಳು.

"ಊದಬೇಡಿ! ಮೊದಲು ನನ್ನ ಮುಖ ಊದಿದ್ದಾಯ್ತು, ಈಗ ಪ್ರಾಣಾನೇ ಊದಿಬಿಡ್ತಿದ್ದಿರಿ," ಎಂದು ನಗತೊಡಗಿದಳು. ಅವನಿಗೆ ಅಳು ಬಂತು.

ಅಣಬೆಯನ್ನೆಲ್ಲ ಗುಂಡಿಗೆ ಹಾಕಿ, ಕೈ ತೊಳೆದು ಬಂದೆ. ಅವಳು ಇನ್ನೂ ಕುಳಿತೇ ಇದ್ದಳು.

"ಅತ್ತಿಗೆ, ಆ ಬೆಣ್ಣೆ ಏನಾಯ್ತು?"

"ಸೀದಿದೆ ಕಣೆ."

"ಸೀದಿದ್ದರೆ ಸೀದಿರಲಿ. ಬ್ರೆಡ್ಡಿಗೆ ಹಚ್ಚಿ ಕೊಡಿ."

ಹಚ್ಚಿ ತಂದೆ. ತಮ್ಮ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು, ಒಮ್ಮೆ ಊದಿ, ಅವಳ ಮುಂದಿಟ್ಟ.