ಲಿವರ್ ಅಂದ್ರ ಕಬ್ಬಿಣ

ಇಂಗ್ಲಿಷು ಬರುತ್ತದೆಂದು ಮೆರೆಯುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅಬ್ದುಲ್ ಕರೀಮ ಅಂಥವನಲ್ಲ, ಪಾಪ. ಬಂದಷ್ಟು ಓದಿದ. ಅವನ ಕೈಗೆ ಔಷಧದ ಬಾಟಲಿ ಕೊಟ್ಟವಳು ನಾನೇ.

ಅರವತ್ತೊಂದನೇ ಇಸವಿ. ದಾಂಡೇಲಿಯ ಕಾಗದದ ಮಿಲ್ಲಿನ ಚಾಳಿನಲ್ಲಿ ನಮ್ಮ ಮನೆ. ನಮ್ಮ ಯಜಮಾನರು ಬಸಲಿಂಗಯ್ಯ ಬಿದಿರು ಇಳಿಸುವ ಆಳುಗಳ ಮೇಲೆ ಮುಕಾದಮರು. ಜಂಗಮರು ನಾವು. ಬಿಸ್ಕೀಟಿನಲ್ಲಿ ತತ್ತಿ ಇರುತ್ತದೆ ಎಂದು ಯಾರೋ ಅಂದದ್ದೇ ತಡ, ತಂದ ಪುಡಿಕೆಯನ್ನು ಬಿಚ್ಚದೆಯೇ ಗಟಾರಕ್ಕೆ ಎಸೆದ ಮನುಷ್ಯ ಅವರು. ಹಳಿಯಾಳಕ್ಕೆ ಕೊಟ್ಟ ಮಗಳು ನೀಲವ್ವ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಏಳು ತಿಂಗಳು. ಮುಖ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು, ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿಯುತ್ತಿದ್ದಳು. ದವಾಖಾನೆಯ ಡಾಕ್ಟರು ಅವಳ ಕಣ್ಣು ಬಿಡಿಸಿ ನೋಡಿ, "ಈಕಿ ಮೈಯಾಗ ರಕ್ತಾನ ಇಲ್ಲ. ಹಿಂಗ ಆದ್ರ ಹೆರಿಗ್ಯಾಗ ತಾಯಿನೂ ಉಳಿಯೂದಿಲ್ಲ, ಕೂಸೂ ಉಳಿಯೂದಿಲ್ಲ" ಎಂದರು. ಗುಳಿಗೆ ಕೊಟ್ಟರೆ ನುಂಗಿದ ಕೂಡಲೇ ವಾಂತಿ. ಕೊನೆಗೆ ಒಂದು ಔಷಧದ ಬಾಟಲಿ ಕೊಟ್ಟರು.

ಬಾಟಲಿಯ ಮೇಲಿನ ಚೀಟಿಯ ತುಂಬ ಇಂಗ್ಲಿಷು. ಒಳಗೇನಿದೆ ಎಂದು ತಿಳಿಯದ ಪದಾರ್ಥ ನಮ್ಮ ಮನೆಯಲ್ಲಿ ಬಾಯಿಗೆ ಹೋಗುವಂತಿಲ್ಲ, ಡಾಕ್ಟರನ್ನು ಕೇಳಲು ನನಗೆ ಧೈರ್ಯವಿಲ್ಲ. ಪಕ್ಕದ ಮನೆಯ ಕರೀಮ ಮಿಲ್ಲಿನಲ್ಲಿ ಫಿಟ್ಟರ್, ಮಶೀನುಗಳ ಮೇಲಿನ ಹೆಸರು ನೋಡಿ ನೋಡಿ ಇಂಗ್ಲಿಷು ಕಲಿತವನು. ಎಣ್ಣೆ ಹತ್ತಿದ ಬೆರಳಿಟ್ಟು ಅಕ್ಷರಕ್ಕೆ ಅಕ್ಷರ ಕೂಡಿಸಿದ.

"ಐರನ್. ಅಂದ್ರ ಕಬ್ಬಿಣ, ಅಕ್ಕಾರ. ಇನ್ನೊಂದು ಲಿವರ್."

"ಲಿವರ್ ಅಂದ್ರ?"

"ಮಶೀನಿಗೆ ಎಳಿಯೂ ಹಿಡಿಕಿ ಇರ್ತೈತಲ್ರಿ? ಅದಕ್ಕ ಲಿವರ್ ಅಂತೇವಿ. ಅದೂ ಕಬ್ಬಿಣಾನ."

"ಹಿಡಿಕಿ ತಂದು ಬಾಟ್ಲ್ಯಾಗ ಹಾಕ್ಯಾರೇನೋ ತಮ್ಮಾ?"

"ತಿಕ್ಕಿ ಪುಡಿ ಮಾಡಿ ಹಾಕಿರಬೇಕ್ರಿ."

ಇಬ್ಬರೂ ನಕ್ಕೆವು. ಆದರೂ ನಾನು ನಂಬಿದೆ. ನಮ್ಮಜ್ಜಿ ಬಸುರಿಯರಿಗೆ ಕೆಂಪಗೆ ಕಾಯಿಸಿದ ಕುಡಗೋಲನ್ನು ಮಜ್ಜಿಗೆಯಲ್ಲಿ ಅದ್ದಿ ಕುಡಿಸುತ್ತಿದ್ದಳು. ಇದೂ ಅಂಥದ್ದೇ ಅಂದುಕೊಂಡೆ.

ಮೊದಲ ಬಾಟಲಿ ಮುಗಿಯುವಷ್ಟರಲ್ಲಿ ನೀಲವ್ವನ ತುಟಿಗೆ ಬಣ್ಣ ಬಂತು. ಗೋಡೆ ಬಿಟ್ಟು ನಡೆದಳು. ಎರಡು ರೊಟ್ಟಿ ಕೇಳಿ ಹಾಕಿಸಿಕೊಂಡು ತಿಂದಳು. ನನಗೆ ಹೋದ ಜೀವ ಬಂದ ಹಾಗಾಯಿತು.

ಎರಡನೇ ಬಾಟಲಿ ಅರ್ಧವಾಗಿದ್ದಾಗ, ಒಂದು ಮಧ್ಯಾಹ್ನ, ಕರೀಮ ಹಿತ್ತಲ ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಂತ.

"ಅಕ್ಕಾರ, ದೊಡ್ಡ ತಪ್ಪಾಗೇತ್ರಿ. ನಮ್ಮ ಮನಿಯಾಕಿ ಶಹನಾಜಗೂ ಅದ ಔಷಧ ಕೊಟ್ಟಾರ. ಲಿವರ್ ಅಂದ್ರ ಹಿಡಿಕಿ ಅಂತ ನಾ ಅಂದ್ರ ಕಂಪೌಂಡರ್ ಬಿದ್ದು ಬಿದ್ದು ನಕ್ಕ. ಅದು ಕಲೇಜಿ ಅಂತ್ರಿ. ಪ್ರಾಣಿ ಹೊಟ್ಟ್ಯಾಗಿಂದು."

ಹೊಸ್ತಿಲ ಮೇಲೆ ಕೂತೆ.

"ಯಾವ ಪ್ರಾಣಿ, ಯಾರು ಹಲಾಲ್ ಮಾಡ್ಯಾರ ಅಂತ ಶಹನಾಜ ಕೇಳಿದ್ಲು. ಅದು ಯಾರಿಗೂ ಗೊತ್ತಿಲ್ರಿ. ಆಕಿಗೆ ಗುಳಿಗಿ ನಡೀತಾವು, ಬಾಟ್ಲಿ ತಿರುಗಿ ಕೊಟ್ಟೇವಿ. ನಮಗ ನಡ್ಯಾಂಗಿಲ್ಲ ಅಂದಮ್ಯಾಲ ನಿಮಗ ಹೆಂಗ..."

"ಮತ್ತ ಹೇಳಾಕ ಯಾಕ ಬಂದಿ?" ಚೀರಿಯೇಬಿಟ್ಟೆ. ಅವನು ತಪ್ಪು ಓದಿದ್ದಕ್ಕೆ ನನಗೆ ಸಿಟ್ಟಿರಲಿಲ್ಲ. "ಬಾಯಿ ಮುಚ್ಚಿಕೊಂಡು ಇರಾಕ ಆಗಲಿಲ್ಲೇನು ನಿನಗ? ತಿಳೀದ ಕುಡಿಸಿದ್ದು ಶಿವಗ ಬಿಟ್ಟದ್ದು. ಇನ್ನ ತಿಳಿದು ಹೆಂಗ ಕುಡಿಸಲಿ?"

"ಹೇಳದ ಇದ್ರ ನನಗ ಅನ್ನ ಇಳೀತಿದ್ದಿಲ್ರಿ ಅಕ್ಕಾರ."

"ನಿನಗ ಇಳೀತು. ಇನ್ನ ನನಗ?"

ಅವನ ಕಣ್ಣಲ್ಲಿ ನೀರು ಬಂತು. ಹೊರಟುಹೋದ. ಒಳಗೆ ಬಂದರೆ ನೀಲವ್ವ ಅಕ್ಕಿ ಆರಿಸುತ್ತಿದ್ದಳು. ಬಾಟಲಿಯತ್ತ ನಾನು ಹೋಗಲಿಲ್ಲ. ಕುಡಿಸಿದರೆ ಮಗಳ ಕೊರಳಿನ ಲಿಂಗಕ್ಕೆ ದ್ರೋಹ, ಕುಡಿಸದಿದ್ದರೆ ಮಗಳೇ ಇಲ್ಲ. ಯಾರನ್ನು ಕೇಳಲಿ? ಯಜಮಾನರಿಗೆ ಹೇಳಿದರೆ ಬಾಟಲಿ ಗಟಾರದಲ್ಲಿರುತ್ತದೆ. ಒಲೆಯ ಮುಂದೆ ಕೂತೆ.

"ಅವ್ವಾ, ಔಷಧದ ಹೊತ್ತಾತು," ಎಂದಳು ನೀಲವ್ವ.

"ಇವತ್ತೊಂದಿನ ಬ್ಯಾಡ ಬಿಡು."

ಮೊರ ಬದಿಗಿಟ್ಟಳು. "ಕರೀಮ ಮಾಮಾ ಬಂದಿದ್ರು. ನನಗೂ ಕಿವಿ ಅದಾವು. ಅರ್ಧಾ ಕೇಳೇತಿ, ಅರ್ಧಾ ಕೇಳಿಲ್ಲ. ಉಳಿದ ಅರ್ಧಾ ನನಗ ಹೇಳಬ್ಯಾಡ ಅವ್ವಾ. ನಿನ್ನ ಕಾಲು ಬೀಳ್ತೇನಿ, ಹೇಳಬ್ಯಾಡ. ಕೂಸು ಒದಿಯಾಕ ಹತ್ತೇತಿ. ನನಗ ಬದುಕಬೇಕಾಗೇತಿ."

ಬಾಟಲಿ ತೆಗೆದು ಚಮಚಕ್ಕೆ ಹಾಕಿದೆ. ಅಷ್ಟರಲ್ಲಿ ಪಾಳಿ ಮುಗಿಸಿಕೊಂಡು ಯಜಮಾನರು ಬಂದರು. ಮಗಳ ಮುಖ ನೋಡಿ ಅವರ ಮುಖ ಅರಳಿತು.

"ಹೆಂಗ ಚಿಗತಾಳ ನೋಡು ಹುಡುಗಿ! ಏನ ಹಾಕಿರ್ತಾರ ಅದರಾಗ?"

"ಕಬ್ಬಿಣ," ಎಂದೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರ ಎದುರಿಗೇ ನಾನು ಹೇಳಿದ ಮೊದಲ ಸುಳ್ಳು.

"ನನಗೂ ಒಂದು ಚಮಚ ಹಾಕು. ಬಿದಿರು ಎಳದು ಎಳದು ಕೈಕಾಲಾಗ ತ್ರಾಣ ಉಳದಿಲ್ಲ." ತೀರ್ಥಕ್ಕೆ ಹಿಡಿದ ಹಾಗೆ ಬಲಗೈ ಚಾಚಿದರು.

ಏನು ಹೇಳಲಿ? ಕೊಡುವುದಿಲ್ಲ ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದರೆ ಮುಗಿಯಿತು. ಯಾವ ಬಿಸ್ಕೀಟನ್ನೂ ಮುಟ್ಟದ ಆ ಕೈಯ ಮೇಲೆ ಚಮಚ ಬಗ್ಗಿಸಲು ಹೋದೆ. ನೀಲವ್ವ ದಡಕ್ಕನೆ ಎದ್ದು ಬಂದು ಚಮಚ ಕಸಿದುಕೊಂಡಳು.

"ನಿನಗಿಲ್ಲಪ್ಪಾ. ಇದು ನನಗೊಬ್ಬಾಕಿಗೆ ಬರದು ಕೊಟ್ಟದ್ದು."

"ಏ, ಅಪ್ಪಗ ಒಂದು ಚಮಚ ಕೊಡಾಕ ಇಷ್ಟು ಜಿಪುಣತನಾ?" ಎಂದು ಅವರು ನಕ್ಕರು.

ಅವಳು ಎಡಗೈಯಲ್ಲಿ ಕೊರಳಿನ ಲಿಂಗವನ್ನು ಮುಚ್ಚಿ ಹಿಡಿದು ಗುಟಕ್ಕನೆ ನುಂಗಿದಳು. ಮತ್ತೆ ಬಾಟಲಿ ಬಗ್ಗಿಸಿ, ಅಪ್ಪ ಕೇಳಿದ್ದ ಆ ಇನ್ನೊಂದು ಚಮಚವನ್ನೂ ತಾನೇ ಕುಡಿದಳು.