ಹಂದರದ ಎತ್ತರ

ಕುಂದಾ ಸ್ಟೂಲಿನ ಮೇಲೆ ನಿಂತು ಹೀರೆಬಳ್ಳಿಯ ಕುಡಿಯನ್ನು ಹಳೆಯ ಸೀರೆಯ ಅಂಚಿನಿಂದ ಬಿದಿರಿಗೆ ಕಟ್ಟುತ್ತಿದ್ದಾಗ, ಪಾಲಿಕೆಯ ಈರಣ್ಣ ಟೇಪು ಹಿಡಿದು ಗೇಟಿನೊಳಗೆ ಬಂದ.

"ಇಳೀರಿ ವೈನಿ. ನೀವು ಬಿದ್ರ ಅದೂ ನಮ್ಮ ಮ್ಯಾಲ ಬರತೈತಿ."

ಅವಳು ಇಳಿದಳು. ಗೇಟಿನಿಂದ ಮೆಟ್ಟಿಲಿನವರೆಗೆ, ರಸ್ತೆಯ ಕಾಂಪೌಂಡಿಗೆ ತಾಗಿಕೊಂಡೇ ಹಬ್ಬಿದ್ದ ಆ ಹಂದರಕ್ಕೆ ಹದಿನೈದು ದಿನದ ಹಿಂದೆ ನೋಟೀಸು ಬಂದಿತ್ತು. ರಸ್ತೆ ಬದಿಗೆ ಆರು ಅಡಿ ಮೀರಿದರೆ ಪರವಾನಗಿ ಬೇಕು, ಇಲ್ಲವೇ ಇಳಿಸಬೇಕು. ಇಳಿಸಲು ಮನಸ್ಸಾಗದೆ ಕುಂದಾ ಅರ್ಜಿ ಹಾಕಿದ್ದಳು. ಈರಣ್ಣ ಅಳೆದ. ಎಂಟು ಅಡಿಗೆ ಎರಡು ಬೆರಳು ಕಡಿಮೆ.

"ಎಲ್ಲಾ ಬರೋಬರಿ ತುಂಬೀರಿ, ಇದೊಂದು ಖಾಲಿ ಬಿಟ್ಟೀರಲ್ರಿ," ಎಂದು ಅರ್ಜಿಯನ್ನು ಅವಳ ಕೈಗೆ ಮರಳಿಸಿದ. 'ಹೆಚ್ಚಿನ ಎತ್ತರಕ್ಕೆ ಕಾರಣ' ಎಂಬುದರ ಮುಂದೆ ಎರಡು ಗೆರೆ ಬರಿದಾಗಿದ್ದವು. "ಹೀರಿಕಾಯಿಗೆ ಆರು ಅಡಿ ಸಾಲೂದಿಲ್ಲೇನು ಅಂತಾರ ನಮ್ಮ ಸಾಹೇಬ್ರು. ಏನರ ಗಟ್ಟಿ ಕಾರಣ ಬರೀರಿ. ನಾಳೆ ಹನ್ನೊಂದರೊಳಗ ಮುಟ್ಟಬೇಕು ನೋಡ್ರಿ."

ಕಟ್ಟೆಯ ಮೇಲೆ ಪೇಪರು ಓದುತ್ತಿದ್ದ ಗಂಡ ವಿಕ್ರಮ ತಲೆ ಎತ್ತದೆ ಹೇಳಿದ, "ಕಾರಿಗೆ ನೆರಳು ಅಂತ ಬರಿ. ಮುಗೀತು."

"ಕಾರು ಇಲ್ಲಿ ನಿಲ್ಲೂದ ಇಲ್ಲಲ್ರಿ?" ಎಂದಳು ಕುಂದಾ.

"ನಾಳಿಂದ ನಿಲ್ಲತೈತಿ!"

"ನಾ ಏನೂ ಕೇಳಿಲ್ರಿ ಸರ್," ಎಂದು ನಗುತ್ತ ಈರಣ್ಣ ಸ್ಕೂಟರ್ ಏರಿದ.

ಕುಂದಾ ಊಟದ ಮೇಜಿನ ಮೇಲೆ ಅರ್ಜಿ ಹರಡಿಕೊಂಡು ಕೂತಳು. ಹಂದರ ಕಟ್ಟಲು ಬಂದಿದ್ದ ಪ್ರಸಾದ ಎಷ್ಟು ಅಡಿ ಎಂದು ಕೇಳಿದಾಗ, ಅವಳು ಒಳಗಿನಿಂದ ತಾಮ್ರದ ಕೊಡ ತಂದು ತಲೆಯ ಮೇಲಿಟ್ಟುಕೊಂಡು ನಿಂತಿದ್ದಳು. ಇದರ ಮ್ಯಾಲ ಒಂದು ಮೊಳ ಬಿಡು, ಎಂದಿದ್ದಳು. "ಫೋಟೋ ತಗೀಲೇನ್ರಿ ವೈನಿ?" ಎಂದು ಅವನು ಬಿದ್ದು ಬಿದ್ದು ನಕ್ಕಿದ್ದ.

ಖಾನಾಪುರದ ತವರಿನಲ್ಲಿ, ಅಂಗಳದಿಂದ ಬಾವಿಗೆ ಹೋಗುವ ದಾರಿಯ ಮೇಲಿನ ಹಂದರ ಅಷ್ಟೇ ಎತ್ತರವಿತ್ತು. ಬೇಸಿಗೆಯಲ್ಲಿ ಓಣಿಯ ಬಾವಿಗಳೆಲ್ಲ ಬತ್ತಿದರೂ ಅವರ ಹಿತ್ತಲ ಬಾವಿಯಲ್ಲಿ ನೀರಿರುತ್ತಿತ್ತು. ಸಂಜೆಯಾದರೆ ಹೆಂಗಸರ ಸಾಲು, ಬಳೆ ಸದ್ದು, ಒದ್ದೆ ನೆಲದ ವಾಸನೆ. ಒಂದು ವರ್ಷ ಅಪ್ಪ ಕಾಯಿ ಹರಿಯಲು ಸುಲಭವೆಂದು ಹಂದರವನ್ನು ತಗ್ಗಿಸಿ ಕಟ್ಟಿಸಿದ. ಮರುದಿನವೇ ಶಿವಲಿಂಗವ್ವನ ಕೊಡ ಬಿದಿರಿಗೆ ಬಡಿದು ಉರುಳಿತು. ತುಂಬು ಬಸುರಿ ಅವಳು; ಒದ್ದೆಯಾದ ಸೀರೆ ಹಿಂಡಿಕೊಂಡು, ನಕ್ಕು, ಮತ್ತೆ ಸಾಲಿನ ತುದಿಗೆ ಹೋಗಿ ನಿಂತಳು.

ಅಪ್ಪ ಸಂತೆಗೆ ಹೋದ ಹೊತ್ತು ನೋಡಿ ಕುಂದಾಳ ತಾಯಿ, ಆಯಿ, ಹಂದರವನ್ನು ಬಿಚ್ಚಿ ಎತ್ತರಿಸಿದಳು. ಅಪ್ಪ ಬಂದವನೇ ಒದರಾಡಿದ. "ಕಾಯಿ ಹರಿಯಾಕ ಇನ್ನ ನಿಚ್ಚಣಿಕಿ ತರೂಣೇನು?"

"ತರ್ರಿ. ನೀರು ಹೊತ್ತಾಕಿ ನಮ್ಮ ಅಂಗಳದಾಗ ತಲಿ ತಗ್ಗಿಸಬಾರ್ದು."

ಆಯಿ ಅಪ್ಪನಿಗೆ ಎದುರು ಮಾತಾಡಿದ್ದನ್ನು ಕುಂದಾ ಕೇಳಿದ್ದು ಅದೊಂದೇ ಸಲ. ಉಳಿದಂತೆ ಆ ಮನೆಯಲ್ಲಿ ಆಯಿ ಬಗ್ಗಿಯೇ ಬದುಕಿದಳು.

ಮನೆಮನೆಗೆ ನಳ ಬಂದ ಈ ಸದಾಶಿವನಗರದಲ್ಲಿ ಈಗ ಯಾರು ನೀರು ಹೊರುತ್ತಾರೆ? ಸಾಹೇಬರು ನಗುತ್ತಾರೆ. ನಕ್ಕು, ಇಳಿಸಿ ಎಂದು ಬರೆದರೂ ಬರೆದಾರು. ಕಾರು ಎಂದರೆ ಹಂದರ ಉಳಿಯುತ್ತದೆ. ಕುಂದಾ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಆಮೇಲೆ ಒಂದೇ ಉಸಿರಿಗೆ ಬರೆದಳು: 'ನೀರು ಹೊತ್ತ ಹೆಂಗಸು ತಲೆ ತಗ್ಗಿಸದೆ ಹಾಯಲಿಕ್ಕೆ.' ಎರಡನೆಯ ಗೆರೆ ಖಾಲಿಯೇ ಉಳಿಯಿತು.

"ಬರದ್ಯೇನು?" ಹೊರಗಿನಿಂದ ವಿಕ್ರಮ ಕೇಳಿದ.

"ಬರದ್ನಿ."

"ಕೊಡು ಇಲ್ಲೆ. ನಾಳೆ ಬ್ಯಾಂಕಿಗೆ ಹೊಂಟೇನಿ, ಹಂಗ ಕೊಟ್ಟು ಬರತೇನಿ."

ಅವಳು ಅರ್ಜಿಯನ್ನು ಲಕೋಟೆಗೆ ಹಾಕಿ, ಪಾತೇಲಿಯ ತಳದಿಂದ ನಾಲ್ಕು ಅನ್ನದ ಅಗುಳು ತಂದು ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಆರಿದ ಮೇಲೆ ತನ್ನ ಪರ್ಸಿನಲ್ಲಿಟ್ಟು, ಮರುದಿನ ಬೆಳಿಗ್ಗೆ ಹತ್ತರ ಸಿಟಿ ಬಸ್ಸಿಗೆಂದು ಚಿಲ್ಲರೆಯನ್ನೂ ಹಾಕಿ, ಚೈನು ಎಳೆದಳು.

"ಚಾ ಇಡ್ಲೇನ್ರಿ?" ಎಂದು ಕೇಳಿ ಒಲೆ ಹಚ್ಚಿದಳು.