ನರ್ಸಮ್ಮನ ಅತ್ತಿಗೆ ಕೇಳಿದ ಹಾಡು

ಕಾಲೇಜಿನಲ್ಲಿ ಅವಳಿಗೆ ಬಿದ್ದ ಹೆಸರು ಕಿವಿ. ಮಾತು ಕಮ್ಮಿ, ಕೇಳಿಸಿಕೊಳ್ಳುವುದು ಜಾಸ್ತಿ. ತಲೆಯಿಂದ ಹೆಡ್‌ಫೋನ್ ಇಳಿದದ್ದನ್ನು ಕಂಡವರೇ ಇಲ್ಲ. ಅವಳ ಗೆಳತಿ ತುತ್ತೂರಿ ಇದಕ್ಕೆ ತದ್ವಿರುದ್ಧ. ಗುಟ್ಟು ಹೇಳಿದರೂ ಪಕ್ಕದ ಬೀದಿಗೆ ಕೇಳಬೇಕು. ಇಬ್ಬರೂ ಸೇರಿ ಪಾಡ್‌ಕಾಸ್ಟ್ ಶುರು ಮಾಡಿದಾಗ ಕೆಲಸ ತಾನಾಗಿಯೇ ಹಂಚಿಹೋಯಿತು. ಮಾತಾಡುವುದು ತುತ್ತೂರಿ, ಕತ್ತರಿಸಿ ಜೋಡಿಸುವುದು ಕಿವಿ.

ಮೊದಮೊದಲು ಪರೀಕ್ಷೆ, ಹಾಸ್ಟೆಲ್ ಊಟ ಅಂತ ಏನೇನೋ ಮಾತಾಡಿದರು. ನಾಯಿಯೂ ಮೂಸಲಿಲ್ಲ. ಒಂದು ದಿನ ತುತ್ತೂರಿ, "ನಮಗೊಂದು ಕೊಲೆ ಬೇಕು ಕಣೇ. ನಮ್ಮೂರಲ್ಲೇ ಆಗಿ, ಇನ್ನೂ ಬಗೆಹರಿಯದೇ ಇರೋದು" ಅಂದಳು. ಅವಳೇ ಹುಡುಕಿಕೊಂಡು ಬಂದದ್ದು ನರ್ಸಮ್ಮನ ಕೊಲೆ. ಕಿವಿ ತಲೆ ತಗ್ಗಿಸಿ ಹೆಡ್‌ಫೋನ್ ಸರಿಪಡಿಸಿಕೊಂಡಳು.

ಅದು ಇವರಿಬ್ಬರೂ ಹುಟ್ಟುವ ಮುಂಚಿನ ಮಾತು. ಆಸ್ಪತ್ರೆಯ ನರ್ಸಮ್ಮ ಒಂಟಿಯಾಗಿ ಮಹಡಿ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದವರು. ಒಂದು ಸಂಜೆ ಯಾರೋ ತಲೆಗೆ ಹೊಡೆದು ಕೊಂದರು. ಪಕ್ಕದಲ್ಲಿ ಬಿದ್ದಿದ್ದದ್ದು ಕೆಳಗಿನ ಅಂಗಡಿಯ ಟೈಲರನ ಇಸ್ತ್ರಿಪೆಟ್ಟಿಗೆ. ಅದೇ ರಾತ್ರಿ ಪೊಲೀಸರು ಅವನನ್ನು ಎಳೆದೊಯ್ದರು, ಹಣ್ಣುಗಾಯಿ ನೀರುಗಾಯಿ ಮಾಡಿದರು, ಸಾಕ್ಷಿ ಸಾಲದೆ ಬಿಟ್ಟರು. ಪೊಲೀಸರು ಬಿಟ್ಟರೂ ಊರು ಬಿಡಲಿಲ್ಲ.

ಆ ಟೈಲರ್ ಕಿವಿಯ ಸ್ವಂತ ಸೋದರಮಾವ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಆಗ ಅದೇ ಬೀದಿಯಲ್ಲಿದ್ದ ಅಮ್ಮ, ಮರುವರ್ಷವೇ ಮನೆ ಬದಲಾಯಿಸಿ ಊರಿನ ಆ ತುದಿಗೆ ಹೋದವಳು, ಮತ್ತೆ ತಮ್ಮನ ಮುಖ ನೋಡಿರಲಿಲ್ಲ. ಕಿವಿ ಒಮ್ಮೆ ಕೇಳಿದ್ದಳು, "ಮಾವನೇ ಮಾಡಿದ್ದಾ?" ಅಮ್ಮ ಬಟ್ಟೆ ಮಡಿಸುತ್ತಲೇ ಹೇಳಿದ್ದಳು, "ಮಾಡಿದಾನೆ ಅನ್ನೋಕೂ ಬಾಯಿ ಬರಲ್ಲ, ಮಾಡಿಲ್ಲ ಅನ್ನೋಕೂ ಬರಲ್ಲ. ಸುಮ್ನಿರು."

ಗೆಳತಿಯರು ಮೊದಲು ಹೋದದ್ದು ನರ್ಸಮ್ಮನ ಅಣ್ಣನ ಮನೆಗೆ. ಅಣ್ಣ ಕೆಲಸಕ್ಕೆ ಹೋಗಿದ್ದರು. ಸಿಕ್ಕಿದ್ದು ಅವರ ಹೆಂಡತಿ, ನರ್ಸಮ್ಮನ ಅತ್ತಿಗೆ. ಕೂರಿಸಿ, ಬಿಸ್ಕತ್ತು ಕೊಟ್ಟು, ಕಣ್ಣೊರೆಸಿಕೊಳ್ಳುತ್ತ ಮಾತಾಡಿದರು. ತುತ್ತೂರಿ ಕೆದಕಿದಷ್ಟೂ ಹೇಳಿದರು, ಕಿವಿಯ ಫೋನ್ ರೆಕಾರ್ಡ್ ಮಾಡಿಕೊಳ್ಳುತ್ತಿತ್ತು. "ಅವತ್ತು ದೀಪ ಹಚ್ಚೋ ಹೊತ್ತಲ್ಲಿ ನಾನೇ ಹೋಗಿದ್ದೆ ಕಣಮ್ಮ. ಬಾಗಿಲು ತಟ್ಟಿದೆ. ಒಳಗೆ ರೇಡಿಯೋ ಜೋರಾಗಿ ಹಾಡ್ತಿತ್ತು, ಕೇಳಿಸಿಲ್ಲ ಅಂತ ವಾಪಸ್ ಬಂದೆ. ಮೆಟ್ಟಿಲು ಇಳೀವಾಗ ಆ ಟೈಲರ್ ನನ್ನನ್ನೇ ದುರುಗುಟ್ಟಿ ನೋಡ್ತಿದ್ದ." ಗೆಳತಿಯರು ಮನೆಗೆ ಬಂದ ಮೇಲೂ ಅತ್ತಿಗೆ ಮತ್ತೆ ಮತ್ತೆ ಫೋನ್ ಮಾಡಿದರು. ಟೈಲರ್ ಏನಂದ, ಯಾವಾಗ ಹಾಕ್ತೀರಿ, ನನ್ನ ಮಾತು ಎಲ್ಲಾ ಹಾಕಬೇಡಿ, ಅವನದ್ದು ಮಾತ್ರ ಬಿಡಬೇಡಿ.

ಆಮೇಲೆ ಟೈಲರ್ ಅಂಗಡಿ. ಕಿವಿ ಗುರುತು ಸಿಗದಂತೆ ತುತ್ತೂರಿಯ ಬೆನ್ನ ಹಿಂದೆ ನಿಂತಳು. ಸಣ್ಣ ಅಂಗಡಿ, ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ, ತುಂಡು ಬಟ್ಟೆಯ ರಾಶಿ. ಗಿರಾಕಿಗಳಿರಲಿಲ್ಲ. ಅವನ ದೊಡ್ಡ ಕೈಗಳನ್ನೇ ಕಿವಿ ನೋಡಿದಳು. ಈ ಕೈಗಳೇ ಇರಬಹುದಾ?

"ನಿಮ್ಮ ಇಸ್ತ್ರಿಪೆಟ್ಟಿಗೆ ಅಲ್ಲಿಗೆ ಹೇಗೆ ಹೋಯ್ತು?" ತುತ್ತೂರಿ ನೇರವಾಗಿ ಕೇಳಿದಳು.

"ಅವರೇ ತಗೊಂಡು ಹೋದ್ರು. ಕರೆಂಟ್ ಇರ್ಲಿಲ್ಲ, ರಾತ್ರಿ ಡ್ಯೂಟಿಗೆ ಬಟ್ಟೆ ಇಸ್ತ್ರಿ ಆಗ್ಬೇಕಿತ್ತು. ನಂದು ಕೆಂಡ ತುಂಬೋದು. ಪೊಲೀಸ್ರಿಗೂ ಇದನ್ನೇ ಹೇಳಿದೆ. ಸಾಕಲ್ಲ?" ಅಂದವನು ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ ಸೇರಿಸಿದ, "ಹಿಂದೆ ನಿಂತಿರೋ ಮಗೂಗೆ ಎಡಭುಜ ಇಳಿಜಾರು. ನಮ್ಮಕ್ಕನ ಥರಾನೇ. ಅವಳು ಚೆನ್ನಾಗಿದಾಳಾ?"

ತುತ್ತೂರಿ ಬೀದಿಗೆ ಬಂದವಳೇ ಸಿಡಿದಳು. "ಕೊಲೆಗಾರ ನಿನ್ನ ಮಾವ. ಕತ್ತರಿ ನಿನ್ನ ಕೈಲಿ. ಇಷ್ಟು ದಿನ ಏನೇನು ಕತ್ತರಿಸಿ ಬಿಸಾಕಿದೀಯೋ ನನಗೇನು ಗೊತ್ತು?"

"ಒಂದಕ್ಷರ ಮುಟ್ಟಿಲ್ಲ ಕಣೇ."

"ಹಾಗಾದ್ರೆ ಎಲ್ಲಾ ನನ್ನ ಮುಂದೆ ಹಾಕು. ಪೂರ್ತಿ."

ಕಾಲೇಜಿನ ಖಾಲಿ ಕೋಣೆಯಲ್ಲಿ ಇಬ್ಬರೂ ಮುಖ ಊದಿಸಿಕೊಂಡು ಕೂತರು. ಮೊದಲು ಟೈಲರನ ಮಾತು, ಆಮೇಲೆ ಅತ್ತಿಗೆಯ ಮಾತು. 'ರೇಡಿಯೋ ಜೋರಾಗಿ ಹಾಡ್ತಿತ್ತು' ಅನ್ನುವಲ್ಲಿ ಕಿವಿ ಥಟ್ಟನೆ ನಿಲ್ಲಿಸಿದಳು.

"ಕರೆಂಟ್ ಇಲ್ದೆ ರೇಡಿಯೋ ಹೇಗೆ ಹಾಡ್ತು?"

ತುತ್ತೂರಿ ಹುಬ್ಬು ಗಂಟಿಕ್ಕಿದಳು. "ಕರೆಂಟ್ ಇರ್ಲಿಲ್ಲ ಅಂದದ್ದು ನಿನ್ನ ಮಾವ ತಾನೇ? ಕಳ್ಳನ ಮಾತಿಗೆ ಕಳ್ಳನೇ ಸಾಕ್ಷಿನಾ?"

ಅದೂ ಸರಿಯೇ. ಕಿವಿಗೂ ಮಾವನ ಮೇಲೆ ನಂಬಿಕೆ ಇರಲಿಲ್ಲ. ಮನೆಗೆ ಹೋಗಿ ಅಮ್ಮನನ್ನು ಕೇಳಿದಳು, ಕರೆಂಟಿನ ಸುದ್ದಿ ಎತ್ತದೆ. "ಮಾವನ್ನ ಪೊಲೀಸ್ರು ಕರ್ಕೊಂಡು ಹೋದಾಗ ನೀನು ನೋಡಿದ್ಯಾ?"

"ನೋಡ್ದೆ ಏನು? ಮೇಣದಬತ್ತಿ ಹಿಡ್ಕೊಂಡು ಬಾಗಿಲಲ್ಲೇ ನಿಂತಿದ್ದೆ. ಬೀದಿಯೆಲ್ಲಾ ಗವ್ವನ್ನೋ ಕತ್ತಲೆ. ಮಧ್ಯಾಹ್ನವೇ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಿತ್ತು, ಮಾರನೇ ದಿನವೇ ಕರೆಂಟ್ ಬಂದದ್ದು..." ಹೇಳುತ್ತ ಹೇಳುತ್ತ ಅಮ್ಮ ಮಗಳ ಮುಖ ನೋಡಿ ನಿಲ್ಲಿಸಿದಳು. "ಯಾಕೆ?"

ಕಿವಿ ಎಲ್ಲವನ್ನೂ ಹೇಳಿದಳು. ಅಮ್ಮ ಗೋಡೆಗೊರಗಿ ಕೂತುಬಿಟ್ಟಳು. "ಕರೆಂಟ್ ಇಲ್ಲದ್ದನ್ನ ಕಣ್ಣಾರೆ ಕಂಡಿದ್ದೆ. ಅವನು ಇಸ್ತ್ರಿಪೆಟ್ಟಿಗೆ ಕೊಟ್ಟೆ ಅಂದದ್ದಕ್ಕೆ ಅದನ್ನ ಸೇರಿಸಿ ನೋಡೋ ಬುದ್ಧಿ ಬರ್ಲಿಲ್ಲ" ಅಂದಳು.

ಅಣ್ಣ ಮನೆಯಲ್ಲಿರುವ ರಜಾದಿನ ನೋಡಿ ಗೆಳತಿಯರು ಮತ್ತೆ ಹೋದರು. ಅಣ್ಣ ಮೆತ್ತಗಿನ ಮನುಷ್ಯ. ತುತ್ತೂರಿ ಜನ್ಮದಲ್ಲಿ ಮೊದಲ ಬಾರಿ ಮೆಲ್ಲಗೆ ಕೇಳಿದಳು, "ನಿಮ್ಮ ತಂಗಿ ಹತ್ರ ಬ್ಯಾಟರಿ ರೇಡಿಯೋ ಇತ್ತಾ ಅಂಕಲ್?"

"ಬ್ಯಾಟರಿದಲ್ಲಮ್ಮ. ಗೋಡೆಗೆ ಸಿಕ್ಕಿಸೋದು, ಮರದ್ದು. ಇದ್ದದ್ದು ಅದೊಂದೇ. ನೆನಪಿಗೆ ಅಂತ ಇಟ್ಕೊಂಡಿದೀನಿ, ನೋಡು." ಮೂಲೆಯ ಕಪಾಟಿನ ಮೇಲೆ ಅದು ಕೂತಿತ್ತು, ಅದರ ವೈರು ಸುತ್ತಿಟ್ಟಿತ್ತು.

ಅಷ್ಟರಲ್ಲಿ ಅತ್ತಿಗೆ ಟ್ರೇ ಹಿಡಿದು ಬಾಗಿಲಿಗೆ ಬಂದರು.

"ರೇಡಿಯೋ ಸಮಾಚಾರ ಈಗ ಯಾಕೆ?" ಅಂದರು ಅತ್ತಿಗೆ.

ಕಿವಿ ಫೋನ್ ತೆಗೆದು ಅವರದೇ ಮಾತನ್ನು ಹಾಕಿದಳು. ಅಣ್ಣ ಮೊದಲು ಸುಮ್ಮನೆ ಕೇಳಿದರು. ಆಮೇಲೆ, "ಇನ್ನೊಂದ್ಸಲ ಹಾಕಮ್ಮ" ಅಂದರು. ಎರಡನೆಯ ಸಲ ಕೇಳಿ ಹೆಂಡತಿಯತ್ತ ತಿರುಗಿದರು.

"ಅವತ್ತು ನೀನು ತವರಲ್ಲಿದ್ದೆ ಅಂದಿದ್ದೆ."

"ದಾರೀಲಿ ಇಳಿದು ಹಾಗೇ ಒಂದು ಗಳಿಗೆ ಹೋಗಿದ್ದೆ. ಇಷ್ಟು ವರ್ಷ ಆದ್ಮೇಲೆ ಯಾರಿಗೆ ನೆನಪಿರತ್ತೆ?"

"ಹೋದದ್ದನ್ನ ನನಗೆ ಯಾಕೆ ಹೇಳ್ಲಿಲ್ಲ? ಪೊಲೀಸ್ರಿಗೆ ಯಾಕೆ ಹೇಳ್ಲಿಲ್ಲ?" ಅವರ ದನಿ ಏರಲಿಲ್ಲ. "ಕರೆಂಟ್ ಇರ್ಲಿಲ್ಲ ಅವತ್ತು. ಟಾರ್ಚ್ ಬೆಳಕಲ್ಲಿ ನನ್ನ ತಂಗೀನ ಕೆಳಗಿಳಿಸಿದೋನು ನಾನು."

ಅತ್ತಿಗೆ ಟ್ರೇ ಕೆಳಗಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಣ್ಣ ಚಪ್ಪಲಿ ಮೆಟ್ಟಿದರು. "ಸ್ಟೇಷನ್‌ಗೆ ನಾನೇ ಬರ್ತೀನಿ. ಆ ಫೋನ್ ಜೋಪಾನ."

ಇನ್ಸ್‌ಪೆಕ್ಟರ್ ಮೊದಲು ಹುಡುಗಾಟ ಅಂದುಕೊಂಡರು. ಸತ್ತವಳ ಅಣ್ಣನೇ ಎದುರು ಕೂತದ್ದರಿಂದ ಹಳೆಯ ಫೈಲು ತೆಗೆಸಿದರು. ಅತ್ತಿಗೆ ಮೂರು ಸಲ ಮೂರು ಕತೆ ಹೇಳಿ, ಕೊನೆಗೆ ನಿಜ ಕಾರಿದರು. ನಡೆಯಲಾರದ ಅತ್ತೆಯನ್ನು ಅವರು ಹೊಡೆಯುತ್ತಿದ್ದರಂತೆ. ತಾಯಿಯ ಮೈ ಒರೆಸುವಾಗ ನರ್ಸಮ್ಮ ಬಾಸುಂಡೆ ಕಂಡರು, ಅಣ್ಣನಿಗೆ ಹೇಳುತ್ತೇನೆ ಅಂದರು. ಬೇಡವೆಂದು ಬೇಡಿಕೊಳ್ಳಲು ಹೋದವರ ಕೈಗೆ ಸಿಕ್ಕಿದ್ದು ಮೇಜಿನ ಮೇಲಿದ್ದ ಇಸ್ತ್ರಿಪೆಟ್ಟಿಗೆ. ಟೈಲರನ ಮೇಲಿನ ಅನುಮಾನ ಗಟ್ಟಿಯಾಗಲೆಂದೇ ಗೆಳತಿಯರ ಮುಂದೆ ತಾವು ಅಲ್ಲಿಗೆ ಹೋಗಿದ್ದ ಮಾತೆತ್ತಿ, ಅವನು ದುರುಗುಟ್ಟಿದನೆಂಬ ಸುಳ್ಳಿಗೆ ಹಾಡಿನ ಒಗ್ಗರಣೆ ಹಾಕಿದ್ದರು.

ತುತ್ತೂರಿ ಕಿವಿಯ ಹತ್ತಿರ ಬಂದು, "ನಿನ್ನ ಮೇಲೆ ಅನುಮಾನ ಪಟ್ಟೆ" ಅಂದಳು.

"ನಾನು ಮಾವನ ಮೇಲೆ ಪಟ್ಟಿದ್ದೆ," ಅಂದಳು ಕಿವಿ. "ಅದಕ್ಕೆ ಹೋಲಿಸಿದ್ರೆ ನಿಂದು ಏನೂ ಅಲ್ಲ."

ಮಾರನೆಯ ದಿನ ಕಿವಿ ಅಮ್ಮನನ್ನು ಕರೆದುಕೊಂಡು ಟೈಲರ್ ಅಂಗಡಿಗೆ ಹೋದಳು. ಅಮ್ಮ ಎದುರಿನ ಕಂಬದ ಹತ್ತಿರವೇ ನಿಂತುಬಿಟ್ಟಳು. ಕಿವಿ ಒಬ್ಬಳೇ ಒಳಗೆ ಹೋಗಿ ಸುದ್ದಿ ಹೇಳಿದಳು. ಮಾವ ಯಂತ್ರ ನಿಲ್ಲಿಸಲಿಲ್ಲ. ಹೊಲಿಗೆ ಮುಗಿಸಿ, ದಾರ ಕಚ್ಚಿ ಹರಿದು, ಹೊರಗೆ ನೋಡಿದ.

"ನೀನೂ ನಂಬಿದ್ಯಾ ಅಂತ ಅವಳನ್ನ ಒಂದು ಮಾತು ಕೇಳ್ಬೇಕು ಅಂತಿದ್ದೆ. ಇಷ್ಟು ವರ್ಷವೂ ಅದೇ ಯೋಚನೆ," ಅಂದ. ಆಮೇಲೆ ಸ್ಟೂಲಿನ ಮೇಲಿದ್ದ ಬಟ್ಟೆ ರಾಶಿ ಎತ್ತಿ ನೆಲಕ್ಕೆ ಹಾಕಿದ. "ಬಿಸಿಲಲ್ಲಿ ಯಾಕೆ ನಿಲ್ಸಿದೀಯ? ಒಳಗೆ ಬರೋಕೆ ಹೇಳು."

ಅಮ್ಮ ಬಂದು ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಮಾವ ಆ ಮಾತು ಕೇಳಲಿಲ್ಲ. ಅಮ್ಮನೇ, ಅವನ ಮುಖ ನೋಡದೆ, "ಅರ್ಧ ನಂಬಿದ್ದೆ ಕಣೋ" ಅಂದಳು.

ಅವನು ತಲೆಯಾಡಿಸಿದ. ಮತ್ತೆ ಯಂತ್ರ ತುಳಿಯತೊಡಗಿದ. ಅಮ್ಮ ಎದ್ದು ಹೋಗಲಿಲ್ಲ.